ಮಾಸ್ಕಿಗೆ ಮುಖ ನೋಡಿ, ಫಿನ್ಸಿಗೆ ನೀರು ನೋಡಿ

ನೇತ್ರಾಣಿ ದ್ವೀಪಕ್ಕೆ ಹೋಗಿ ಒಮ್ಮೆಯಾದರೂ ಸ್ಕೂಬಾ ಡೈವಿಂಗಿಗೆ, ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ನೀರಿಗಿಳಿದವರು ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಅರ್ಧಕ್ಕಿಂತ ಜಾಸ್ತಿಯೇ ಇದ್ದೀರಿ. ಸರಿ, ಆವತ್ತು ನಿಮ್ಮ ಕಾಲಿಗೆ ಹಾಕಿದ್ದ ಫಿನ್ಸ್, ಅದೇ ಮೀನಿನ ಬಾಲದಂಥ ಈಜುಹಲಗೆ, ಯಾವ ಬಣ್ಣದ್ದು ಅಂತ ನೆನಪಿದೆಯಾ? ಇಲ್ಲ. ನೆನಪಿರಬೇಕಾಗಿಯೂ ಇಲ್ಲ. ಮುರುಡೇಶ್ವರದಿಂದ ದೋಣಿ ಹತ್ತಿ ಹೋಗಿ ಮಾಡುವ ಆ ಮೊದಲ ಡೈವಿನಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಸಿಲಿಂಡರ್ ಹಿಡಿದುಕೊಂಡು, ಎಲ್ಲಿ ಮೀನಿದೆಯೋ ಅಲ್ಲಿಗೆ ನಿಮ್ಮನ್ನು ತಳ್ಳಿಕೊಂಡು ಹೋಗಿರುತ್ತಾರೆ. ಇಂಥ ಪರಿಚಯದ ಡೈವ್ 12 ಮೀಟರ್ ದಾಟುವುದಿಲ್ಲ. ಅಲ್ಲಿ ನಿಮ್ಮ ಫಿನ್ಸ್ ಹೆಚ್ಚುಕಡಿಮೆ ಅಲಂಕಾರಕ್ಕೆ. ಆದರೆ ಮಾಸ್ಕ್ ಹೇಗಿತ್ತು ಅಂತ ಕೇಳಿದರೆ ಎಲ್ಲರಿಗೂ ನೆನಪಾಗುತ್ತದೆ. ನೀರು ಬರುತ್ತಿತ್ತು, ಮಂಜಾಗಿತ್ತು, ಹುಬ್ಬಿನ ಮಧ್ಯೆ ಒತ್ತುತ್ತಿತ್ತು. ಅಲ್ವಾ?

ಹಾಗಾಗಿ ಕೊಳ್ಳುವ ಕ್ರಮವನ್ನು ಮೊದಲೇ ಹೇಳಿಬಿಡುತ್ತೇನೆ. ಸ್ಕೂಬಾ ಕಲಿಯಬೇಕು ಅಂತ ನಿರ್ಧಾರ ಆಗಿದ್ದರೆ ಮಾಸ್ಕನ್ನು ಬೇಗ ಕೊಳ್ಳಿ. ಸಾಧ್ಯವಾದರೆ ಈಜುಕೊಳದ ಮೊದಲ ತರಗತಿಗೂ ಮುಂಚೆ. ಫಿನ್ಸನ್ನು ತಡವಾಗಿ ಕೊಳ್ಳಿ. ಓಪನ್ ವಾಟರ್ ಕೋರ್ಸ್ ಮುಗಿಸಿ, ಅಂದರೆ 18 ಮೀಟರ್ ತನಕ ಹೋಗುವ ಪರವಾನಗಿ ಕೈಗೆ ಬಂದು, ಇನ್ನೂ ನಾಲ್ಕಾರು ಬಗೆಯ ಬಾಡಿಗೆ ಫಿನ್ಸ್ ಹಾಕಿ ಒದ್ದು ನೋಡಿದ ಮೇಲೆ. ಬಹಳ ಜನ ಉಲ್ಟಾ ಮಾಡುತ್ತಾರೆ. ಫಿನ್ಸ್ ದೊಡ್ಡದು, ಬಣ್ಣಬಣ್ಣದ್ದು, ಫೋಟೋದಲ್ಲಿ ಕಾಣುತ್ತದೆ, ಅದನ್ನು ಮೊದಲು ಕೊಳ್ಳುತ್ತಾರೆ. ಮಾಸ್ಕನ್ನು ಡೈವ್ ಸೆಂಟರಿನ ಡಬ್ಬಿಯಿಂದ ಕೈಗೆ ಸಿಕ್ಕಿದ್ದು ತೆಗೆದುಕೊಳ್ಳುತ್ತಾರೆ.

ಮಾಸ್ಕ್ ಏಕೆ ಮೂಗನ್ನೂ ಮುಚ್ಚಬೇಕು, ಈಜುಕೊಳದ ಗಾಗಲ್ಸ್ ಸಾಲದೇ ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. 10 ಮೀಟರ್ ಕೆಳಗೆ ಹೋದರೆ ನಿಮ್ಮ ಮೇಲಿನ ಒತ್ತಡ ಮೇಲ್ಮೈಯಲ್ಲಿದ್ದದ್ದರ ಎರಡರಷ್ಟಾಗುತ್ತದೆ. ಮಾಸ್ಕಿನ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದಾಗ ಮಾಸ್ಕ್ ಮುಖವನ್ನು ಹೀರಿಕೊಳ್ಳಲು ಶುರು ಮಾಡುತ್ತದೆ. ಆಗ ಮೂಗಿನಿಂದ ಸ್ವಲ್ಪ ಗಾಳಿ ಬಿಟ್ಟರೆ ಸಾಕು, ಸಮವಾಗುತ್ತದೆ. ಗಾಗಲ್ಸಿನಲ್ಲಿ ಮೂಗು ಹೊರಗೆ ಇರುವುದರಿಂದ ಆ ದಾರಿಯೇ ಇಲ್ಲ. ಕಣ್ಣಿನ ಬಿಳಿಭಾಗದ ಸಣ್ಣ ರಕ್ತನಾಳಗಳು ಒಡೆದು ಕೆಂಪಾಗುತ್ತವೆ. ಮಾಸ್ಕ್ ಹಾಕಿಕೊಂಡೂ ಮೂಗಿನಿಂದ ಗಾಳಿ ಬಿಡಲು ಮರೆತವರು ಮೇಲೆ ಬಂದಾಗ ಕಣ್ಣು ನೋಡಬೇಕು, ಮೂರು ದಿನ ಆಫೀಸಿನಲ್ಲಿ ಎಲ್ಲರಿಗೂ ಕಾರಣ ಹೇಳುತ್ತಾ ಕೂರಬೇಕಾಗುತ್ತದೆ.

ಮೂಗು ಮುಚ್ಚುತ್ತದೆ ಅಂತ ಪೂರ್ತಿ ಮುಖ ಮುಚ್ಚುವ ಸ್ನಾರ್ಕೆಲ್ ಮಾಸ್ಕ್ ಸ್ಕೂಬಾಗೆ ಬರುವುದಿಲ್ಲ. 2014ರಲ್ಲಿ ಡೆಕಾಥ್ಲಾನಿನವರು ಈಸಿಬ್ರೆತ್ ತಂದ ಮೇಲೆ ಅಂಥವು ಎಲ್ಲೆಡೆ ಸಿಗುತ್ತವೆ. ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದಕ್ಕೆ ಆರಾಮ. ಆದರೆ ಅದರಲ್ಲಿ ಮೂಗು ಹಿಡಿದು ಕಿವಿಯ ಒತ್ತಡ ಬಿಡಿಸಲು ಆಗುವುದಿಲ್ಲ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಇಡಲು ಆಗುವುದಿಲ್ಲ. "ಅದು ಮನೆಯಲ್ಲೇ ಇದೆಯಲ್ಲ ಸಾರ್" ಅಂತ ತರಬೇಡಿ.

ಈಗ ಅಂಗಡಿಗೆ ಹೋಗೋಣ. ಬೆಲೆ ಚೀಟಿ ನೋಡಬೇಡಿ, ಬ್ರ್ಯಾಂಡ್ ನೋಡಬೇಡಿ. ಮಾಸ್ಕಿನ ಪಟ್ಟಿಯನ್ನು ಗಾಜಿನ ಮುಂದಕ್ಕೆ ಎತ್ತಿ ಹಾಕಿ. ತಲೆ ಮೇಲೆತ್ತಿ, ಛಾವಣಿ ನೋಡುತ್ತಾ, ಮಾಸ್ಕನ್ನು ಮುಖದ ಮೇಲೆ ಸುಮ್ನೆ ಇಡಿ. ಒತ್ತಬೇಡಿ. ಅದರ ಸಿಲಿಕೋನ್ ಅಂಚು, ಸ್ಕರ್ಟ್ ಅನ್ನುತ್ತೇವೆ, ಹಣೆಯಿಂದ ಮೇಲ್ದುಟಿಯ ತನಕ ಸುತ್ತಲೂ ತಾಗಿರಬೇಕು. ಕಣ್ಣಿನ ಪಕ್ಕದಲ್ಲಿ, ಕೆನ್ನೆಯ ಮೂಳೆಯ ಹತ್ತಿರ ಸಂದಿ ಇದೆಯಾ ಅಂತ ಜೊತೆಗೆ ಬಂದವರಿಗೆ ನೋಡಲು ಹೇಳಿ. ಆಮೇಲೆ ಮೂಗಿನಿಂದ ಸ್ವಲ್ಪವೇ ಉಸಿರೆಳೆದು ತಲೆ ಇಳಿಸಿ, ಕೈ ಬಿಡಿ. ಮಾಸ್ಕ್ ಬೀಳದೆ ನಿಲ್ಲಬೇಕು. ಸ್ವಲ್ಪವೇ ಅಂದೆ, ಗಮನಿಸಿ. ಜೋರಾಗಿ ಎಳೆದರೆ ಯಾವ ಮಾಸ್ಕಾದರೂ ಅಂಟಿಕೊಳ್ಳುತ್ತದೆ. ಅಂಗಡಿಯವರು "ಇನ್ನೂ ಜೋರಾಗಿ ಎಳೀರಿ" ಅಂದರೆ ಆ ಮಾಸ್ಕನ್ನು ವಾಪಸ್ ಕೊಟ್ಟು ಮುಂದಿನದನ್ನು ಕೇಳಿ.

ಬಹಳ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಇನ್ನೊಂದು ಹೆಜ್ಜೆ ಇದೆ. ಅಂಗಡಿಯಲ್ಲಿ ಒಂದು ಸ್ನಾರ್ಕೆಲ್, ಅಂದರೆ ಉಸಿರಾಡುವ ಕೊಳವೆ, ಕೇಳಿ ತೆಗೆದುಕೊಂಡು, ಅದರ ಮೌತ್‌ಪೀಸನ್ನು ಬಾಯಿಗಿಟ್ಟುಕೊಂಡು ಮತ್ತೆ ಅದೇ ಪರೀಕ್ಷೆ ಮಾಡಿ. ಬಾಯಲ್ಲಿ ಏನಾದರೂ ಕಚ್ಚಿದಾಗ ಮೇಲ್ದುಟಿಯ ಆಕಾರ ಬದಲಾಗುತ್ತದೆ, ಕೆನ್ನೆಯ ಗೆರೆ ಬದಲಾಗುತ್ತದೆ. ಬಾಯಿ ಮುಚ್ಚಿದಾಗ ಸರಿಯಾಗಿ ಕೂತ ಮಾಸ್ಕ್ ಈಗ ಸೋರಬಹುದು. ನೀರಿನಲ್ಲಿ ನೀವು ಇಡೀ ಹೊತ್ತು ಬಾಯಲ್ಲಿ ರೆಗ್ಯುಲೇಟರ್ ಕಚ್ಚಿಕೊಂಡೇ ಇರುವುದಲ್ವಾ? ನಗುವುದೂ ಅಷ್ಟೇ. ಕೆಳಗೆ ಯಾರಾದರೂ ನಗಿಸಿದರೆ ಕೆನ್ನೆ ಮಡಿಚಿ ನೀರು ಒಳಗೆ ಬರುತ್ತದೆ. ಅದು ಮಾಸ್ಕಿನ ತಪ್ಪಲ್ಲ. ಕ್ಲೌನ್ ಮೀನು ಧೈರ್ಯವಾಗಿ ಬಂದು ನಿಮ್ಮ ಮಾಸ್ಕಿಗೇ ಗುದ್ದಿದಾಗ ನಗದೆ ಇರುವುದು ಕಷ್ಟ, ಒಪ್ಪುತ್ತೇನೆ.

ಆಮೇಲೆ ಪಟ್ಟಿ ಹಾಕಿಕೊಂಡು ಐದು ನಿಮಿಷ ಅಂಗಡಿಯಲ್ಲೇ ಓಡಾಡಿ. ಜನ ನೋಡುತ್ತಾರೆ, ನೋಡಲಿ. ಹುಬ್ಬುಗಳ ಮಧ್ಯೆ, ಮೂಗಿನ ಬುಡದಲ್ಲಿ ಗಟ್ಟಿ ಚೌಕಟ್ಟು ತಾಗುತ್ತಿದೆಯಾ ನೋಡಿ. ಅಂಗಡಿಯಲ್ಲಿ ಚೂರು ತಾಗುವುದು ನೀರಿನಲ್ಲಿ ಅರ್ಧ ಗಂಟೆಗೆ ತಲೆನೋವಾಗುತ್ತದೆ. ಮೂಗಿನ ಭಾಗವನ್ನು ಹೊರಗಿನಿಂದ ಎರಡು ಬೆರಳಲ್ಲಿ ಸುಲಭವಾಗಿ ಹಿಡಿಯಲು ಬರಬೇಕು, ಕಿವಿ ಬಿಡಿಸಲು ಅದೇ ಬೇಕು. ಗಾಜು ಟೆಂಪರ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ್ದು, ಆಗಿರಬೇಕು. ಗಾಜಿನ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಆಟಿಕೆಯ ಥರ ಮಾರುವ ಪ್ಲಾಸ್ಟಿಕ್ ಗಾಜಿನ ಮಾಸ್ಕ್ ಗೀರಾಗುತ್ತದೆ, ಮಂಜಾಗುವುದೂ ಜಾಸ್ತಿ.

ಒಂದೇ ಗಾಜೋ ಎರಡು ಗಾಜೋ, ಕಪ್ಪು ಸ್ಕರ್ಟೋ ಪಾರದರ್ಶಕವೋ ಅಂತ ಗಂಟೆಗಟ್ಟಲೆ ವಾದ ಮಾಡುವವರಿದ್ದಾರೆ. ನನ್ನ ಮಟ್ಟಿಗೆ ಅದು ಮುಖಕ್ಕೆ ಹೊಂದಿದ ಮೇಲಿನ ಮಾತು. ಪಾರದರ್ಶಕ ಸ್ಕರ್ಟಿನಲ್ಲಿ ಪಕ್ಕದಿಂದಲೂ ಬೆಳಕು ಬರುತ್ತದೆ, ಹೊಸಬರಿಗೆ ಇಕ್ಕಟ್ಟು ಅನಿಸುವುದಿಲ್ಲ. ಆದರೆ ವರ್ಷಗಳು ಕಳೆದಂತೆ ಹಳದಿಯಾಗುತ್ತದೆ. ಕಪ್ಪಿನಲ್ಲಿ ಪಕ್ಕದ ಬೆಳಕಿನ ಕಾಟ ಇಲ್ಲ, ಫೋಟೋ ತೆಗೆಯುವವರು ಅದನ್ನೇ ಇಷ್ಟಪಡುತ್ತಾರೆ. ಒಳಗಿನ ಜಾಗ ಕಡಿಮೆ ಇರುವ ಮಾಸ್ಕ್ ಸಿಕ್ಕರೆ ಒಳ್ಳೆಯದು. ನೀರು ತುಂಬಿದರೆ ಮೂಗಿನಿಂದ ಒಂದೇ ಊದಿಗೆ ಖಾಲಿಯಾಗುತ್ತದೆ. ಮೂಗಿನ ಕೆಳಗೆ ಪರ್ಜ್ ವಾಲ್ವ್, ಅಂದರೆ ನೀರನ್ನು ಹೊರಗಷ್ಟೇ ಬಿಡುವ ಕವಾಟ, ಇರುವವು ಬರುತ್ತವೆ. ನನಗೆ ಇಷ್ಟವಿಲ್ಲ. ಮರಳಿನ ಒಂದು ಕಣ ಅದರೊಳಗೆ ಸಿಕ್ಕಿಕೊಂಡರೆ ಅಲ್ಲಿಂದಲೇ ಸೋರುತ್ತದೆ. ಮಾಸ್ಕಿನ ನೀರು ಹೊರಹಾಕುವುದನ್ನು ಕೋರ್ಸಿನಲ್ಲಿ ಹೇಗಿದ್ದರೂ ಕಲಿಸುತ್ತಾರಲ್ಲ.

ಮೀಸೆ. ಇದಕ್ಕಾಗಿಯೇ ಕಾಯುತ್ತಿದ್ದೀರಿ ಅಂತ ಗೊತ್ತು. ಮೀಸೆ ತೆಗೆಯಬೇಕಾಗಿಲ್ಲ. ಮೂಗಿನ ಕೆಳಗೆ, ಸ್ಕರ್ಟ್ ಕೂರುವ ಜಾಗದಲ್ಲಿ ಒಂದು ತೆಳು ಗೆರೆಯಷ್ಟು ಬೋಳಿಸಿದರೆ ಸಾಕಾಗುತ್ತದೆ, ಎದುರಿನವರಿಗೆ ಗೊತ್ತೂ ಆಗುವುದಿಲ್ಲ. ಅದೂ ಬೇಡ ಅಂದರೆ ಸಿಲಿಕೋನ್ ಗ್ರೀಸನ್ನು ಮೀಸೆಗೆ ಸವರಿಕೊಳ್ಳಬಹುದು. ಅದೂ ಬೇಡ ಅಂದರೆ ಸ್ವಲ್ಪ ಸೋರಿಕೆ ಒಪ್ಪಿಕೊಂಡು ಆಗಾಗ ಊದುತ್ತಾ ಇರಿ, ಹಾಗೆ ಮಾಡುವ ಪಕ್ಕಾ ಡೈವರ್‌ಗಳು ಬೇಕಾದಷ್ಟು ಇದ್ದಾರೆ. ಹೆಣ್ಣುಮಕ್ಕಳಿಗೆ ಮೀಸೆಯ ಬದಲು ಕೂದಲಿನ ಸಮಸ್ಯೆ. ಹಣೆಯ ಮೇಲಿನ ನಾಲ್ಕು ಎಳೆ ಸ್ಕರ್ಟಿನ ಕೆಳಗೆ ಸಿಕ್ಕರೂ ಆ ಎಳೆಯ ದಾರಿಯಲ್ಲೇ ನೀರು ಬರುತ್ತದೆ. ರಬ್ಬರ್ ಪಟ್ಟಿ ಕೂದಲನ್ನು ಕಿತ್ತು ಬರುವಂತೆ ಎಳೆಯುತ್ತದೆ. ಪಟ್ಟಿಗೆ ಬಟ್ಟೆಯ ಥರದ ನಿಯೋಪ್ರೀನ್ ಕವರ್ ಸಿಗುತ್ತದೆ, ಹಾಕಿಸಿಕೊಳ್ಳಿ.

ಸೋರಿದ ಕೂಡಲೇ ಎಲ್ಲರೂ ಮಾಡುವುದು ಒಂದೇ, ಪಟ್ಟಿ ಬಿಗಿ ಮಾಡುವುದು. ಅದರಿಂದ ಸ್ಕರ್ಟ್ ಮಡಿಚಿಕೊಂಡು ಸೋರುವುದು ಇನ್ನೂ ಜಾಸ್ತಿಯಾಗುತ್ತದೆ. ನೀರಿನ ಒತ್ತಡವೇ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿಯುತ್ತದೆ, ಪಟ್ಟಿಯ ಕೆಲಸ ಅದು ಜಾರದಂತೆ ನೋಡಿಕೊಳ್ಳುವುದು ಅಷ್ಟೇ. ತಲೆಯ ಹಿಂದೆ ಉಬ್ಬಿದ ಜಾಗದಲ್ಲಿ ಅದು ಕೂರಬೇಕು, ಕುತ್ತಿಗೆಯ ಹತ್ತಿರ ಅಲ್ಲ.

ಕನ್ನಡಕದವರು ಈ ಸಭೆಯಲ್ಲಿ ಕಡಿಮೆ ಇಲ್ಲ, ಬೆಂಗಳೂರು ಅಂದ ಮೇಲೆ ಹೇಳಬೇಕಾ. ನಿಮ್ಮ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀರಿನಿಂದ ಬೆಳಕು ಗಾಜು ದಾಟಿ ಮಾಸ್ಕಿನೊಳಗಿನ ಗಾಳಿಗೆ ಬರುವಾಗ ಬಾಗುತ್ತದೆ. ಇದರಿಂದ ವಸ್ತುಗಳು ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತವೆ. 4 ಮೀಟರ್ ದೂರದ ಮೀನು 3 ಮೀಟರಿನಲ್ಲಿದ್ದ ಹಾಗೆ. ಡೈವರ್‌ಗಳು ಮೀನಿನ ಗಾತ್ರದ ಬಗ್ಗೆ ಹೇಳುವುದನ್ನು ನಂಬಬೇಡಿ, ಅರ್ಧ ಭೌತಶಾಸ್ತ್ರ, ಅರ್ಧ ಉತ್ಸಾಹ. ಹಾಗಾಗಿ ಮೈನಸ್ ಪವರ್ ಸ್ವಲ್ಪವೇ ಇದ್ದವರಲ್ಲಿ ಅನೇಕರಿಗೆ ಸಾದಾ ಮಾಸ್ಕಿನಲ್ಲೇ ನಡೆಯುತ್ತದೆ. ಜಾಸ್ತಿ ಪವರ್ ಇದ್ದವರು ಎರಡು ಗಾಜಿನ ಮಾಸ್ಕನ್ನೇ ಕೊಳ್ಳಿ, ಏಕೆಂದರೆ ಅದರ ಗಾಜು ಕಳಚಿ ಪವರ್ ಇರುವ ಗಾಜು ಕೂರಿಸಬಹುದು. ಕೊಳ್ಳುವ ಮೊದಲು ಆ ಮಾದರಿಗೆ ನಿಮ್ಮ ಪವರ್ ಸಿಗುತ್ತದೆಯಾ ಅಂತ ಕೇಳಿ, ಎಲ್ಲ ಮಾದರಿಗೂ ಸಿಗುವುದಿಲ್ಲ. ಇಂಥ ರೆಡಿಮೇಡ್ ಗಾಜುಗಳು ಸಾಮಾನ್ಯವಾಗಿ ಅರ್ಧರ್ಧ ಪವರಿನ ಹೆಜ್ಜೆಯಲ್ಲಿ ಬರುತ್ತವೆ, ಸಿಲಿಂಡರ್ ಪವರ್ ಇರುವುದಿಲ್ಲ. ಸಿಲಿಂಡರ್ ಅಂದರೆ ಇಲ್ಲಿ ಕಣ್ಣಿನ ಚೀಟಿಯದ್ದು, ಬೆನ್ನಿನ ಮೇಲಿನದ್ದಲ್ಲ! ಸಿಲಿಂಡರಿನ ಅರ್ಧವನ್ನು ಮುಖ್ಯ ಪವರಿಗೆ ಸೇರಿಸಿ ಲೆಕ್ಕ ಹಾಕುತ್ತಾರೆ. ಮೈನಸ್ 3, ಸಿಲಿಂಡರ್ ಮೈನಸ್ 1 ಇದ್ದರೆ ಮೈನಸ್ 3.5ರ ಗಾಜು. ಸಿಲಿಂಡರ್ ತುಂಬಾ ಇದ್ದರೆ ಕಣ್ಣಿನ ಡಾಕ್ಟರನ್ನೇ ಕೇಳುವುದು ಒಳ್ಳೆಯದು.

ಕಾಂಟ್ಯಾಕ್ಟ್ ಲೆನ್ಸ್ ಹಾಕಿ ಇಳಿಯಬಹುದಾ ಅಂದರೆ, ಮೆದು ಲೆನ್ಸ್ ಆದರೆ ಹೌದು. ದಿನಕ್ಕೊಂದು ಬಿಸಾಡುವಂಥದ್ದು ಆದರೆ ಇನ್ನೂ ಒಳ್ಳೆಯದು. ಕೋರ್ಸಿನಲ್ಲಿ ಮಾಸ್ಕ್ ತೆಗೆದು ಹಾಕುವ ಅಭ್ಯಾಸ ಮಾಡಿಸುವಾಗ ಕಣ್ಣು ಮುಚ್ಚಿಕೊಳ್ಳಿ, ಮೊದಲೇ ಇನ್‌ಸ್ಟ್ರಕ್ಟರಿಗೆ ಹೇಳಿರಿ. ನಲವತ್ತು ದಾಟಿದವರ ಕಷ್ಟ ಬೇರೆ. ದೂರದ ಆಮೆ ಚೆನ್ನಾಗಿ ಕಾಣುತ್ತದೆ, ಕೈಯಲ್ಲಿರುವ ಗೇಜಿನ ಅಂಕಿ ಕಾಣುವುದಿಲ್ಲ. ಎಷ್ಟು ಗಾಳಿ ಉಳಿದಿದೆ ಅಂತ ಓದಲಾಗದಿದ್ದರೆ ತಮಾಷೆಯಲ್ಲ. ಮಾಸ್ಕಿನ ಗಾಜಿನ ಕೆಳಭಾಗಕ್ಕೆ ಒಳಗಿನಿಂದ ಅಂಟಿಸುವ ಸಣ್ಣ ಓದುವ ಲೆನ್ಸ್ ಸಿಗುತ್ತದೆ.

ಮಂಜಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹೊಸ ಮಾಸ್ಕಿನ ಗಾಜಿನ ಮೇಲೆ ಕಾರ್ಖಾನೆಯಲ್ಲಿ ಕೂತ ತೆಳುವಾದ ಸಿಲಿಕೋನ್ ಪದರ ಇರುತ್ತದೆ. ಅದು ಹೋಗುವ ತನಕ ಏನು ಹಚ್ಚಿದರೂ ಮಂಜಾಗುತ್ತದೆ. ಜೆಲ್ ಅಲ್ಲದ ಸಾದಾ ಬಿಳಿ ಟೂತ್‌ಪೇಸ್ಟ್ ಹಾಕಿ ಬೆರಳಿನಿಂದ ಗಾಜಿನ ಒಳಭಾಗವನ್ನು ಚೆನ್ನಾಗಿ ಉಜ್ಜಿ, ತೊಳೆಯಿರಿ, ಮತ್ತೆ ಉಜ್ಜಿ. ಲೈಟರ್ ಹಚ್ಚಿ ಸುಡುವುದನ್ನು ವಿಡಿಯೋದಲ್ಲಿ ನೋಡಿರುತ್ತೀರಿ. ಪದರವೇನೋ ಹೋಗುತ್ತದೆ, ಜೊತೆಗೆ ಸ್ಕರ್ಟೂ ಹೋಗಬಹುದು. ಮಂಜು ತಡೆಯುವ ಲೇಪ ಮೊದಲೇ ಹಾಕಿ ಬಂದ ಮಾಸ್ಕ್ ಆದರೆ ಇದೆರಡೂ ಬೇಡ. ಇನ್ನು ಡೈವಿನ ಮುಂಚೆ ಎಂಜಲು ಹಚ್ಚುವುದು. ಮುಖ ಸಿಂಡರಿಸಬೇಡಿ, ಕೆಲಸ ಮಾಡುತ್ತದೆ. ಒಣ ಗಾಜಿಗೆ ಹಚ್ಚಿ, ಉಜ್ಜಿ, ಒಮ್ಮೆ ನೀರಲ್ಲಿ ಅದ್ದಿ ತೆಗೆಯಿರಿ. ಮಡಿ ಜಾಸ್ತಿ ಇದ್ದವರು ಮಕ್ಕಳ ಶಾಂಪೂ ಒಂದು ತೊಟ್ಟು ಇಟ್ಟುಕೊಳ್ಳಿ.

ಫಿನ್ಸಿಗೆ ಬರೋಣ. ಒಂದು ನಿಮಿಷ ಇತಿಹಾಸ. ಇವತ್ತು ನಾವು ಹಾಕುವ ಬಗೆಯ ರಬ್ಬರ್ ಫಿನ್ಸಿಗೆ ಫ್ರಾನ್ಸಿನ ನೌಕಾಪಡೆಯ ಅಧಿಕಾರಿ ಲೂಯಿ ದ ಕಾರ್ಲ್ಯೂ 1933ರಲ್ಲಿ ಪೇಟೆಂಟ್ ಪಡೆದ. ಅದೇ ಫ್ರಾನ್ಸಿನ ಕೂಸ್ಟೋ ಮತ್ತು ಗಾನ್ಯಾ ಅಕ್ವಾಲಂಗ್ ಮಾಡಿದ್ದು 1943ರಲ್ಲಿ. ಅಂದರೆ ನೀರೊಳಗೆ ಉಸಿರಾಡುವ ಆ ಉಪಕರಣಕ್ಕಿಂತ ಹತ್ತು ವರ್ಷ ಮೊದಲೇ ಫಿನ್ಸ್ ಬಂದಿತ್ತು. ಆಗಿನಿಂದ ಈಗಿನವರೆಗೆ ಕೆಲಸ ಒಂದೇ: ತೊಡೆಯ ದೊಡ್ಡ ಸ್ನಾಯುಗಳ ಬಲವನ್ನು ನೀರಿಗೆ ದಾಟಿಸುವುದು. ಕೈಗೆ ಇಲ್ಲಿ ಕೆಲಸವಿಲ್ಲ. ಹೊಸಬರು ಕೈ ಬೀಸುತ್ತಾ, ಮಂಡಿ ಮಡಿಚಿ ತುಳಿಯುತ್ತಾ ಹೋಗುತ್ತಾರೆ. ಅಂಥವರಿಗೆ ಎಷ್ಟು ದುಬಾರಿ ಫಿನ್ಸ್ ಕೊಟ್ಟರೂ ಅಷ್ಟೇ. ಮೊದಲು ಸೊಂಟದಿಂದ ಒದೆಯುವುದು ಬರಲಿ. ತಡವಾಗಿ ಕೊಳ್ಳಿ ಅಂದದ್ದು ಇದಕ್ಕೇ.

ಗಟ್ಟಿ ಫಿನ್ಸ್ ಇದ್ದರೆ ವೇಗ ಜಾಸ್ತಿ ಅಂತ ಅಂದುಕೊಳ್ಳುತ್ತಾರೆ. ಕಾಲಲ್ಲಿ ಬಲ ಇದ್ದರೆ ಹೌದು. ಇಲ್ಲದಿದ್ದರೆ ಏರು ರಸ್ತೆಯಲ್ಲಿ ಗೇರ್ ಸೈಕಲನ್ನು ದೊಡ್ಡ ಗೇರಿನಲ್ಲಿ ತುಳಿದ ಹಾಗೆ. ನಾಲ್ಕು ತುಳಿತಕ್ಕೆ ಮೀನಖಂಡ ಹಿಡಿದುಕೊಳ್ಳುತ್ತದೆ, ಉಸಿರು ಏರುತ್ತದೆ, ಗಾಳಿ ಬೇಗ ಖಾಲಿಯಾಗುತ್ತದೆ. ನಿಮ್ಮಿಂದಾಗಿ ಇಡೀ ಗುಂಪು ಬೇಗ ಮೇಲೆ ಬರಬೇಕಾಗುತ್ತದೆ. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಸಾಮಾನ್ಯ ಕಾಲಿಗೆ ಮಧ್ಯಮ ಗಡಸಿನ, ಸಾದಾ ಅಗಲ ಹಲಗೆಯ ಫಿನ್ಸ್ ಸಾಕು. ಕಾಲು ಹಿಡಿದುಕೊಂಡರೆ, ಫಿನ್ಸಿನ ತುದಿ ಹಿಡಿದು ನಿಮ್ಮ ಕಡೆ ಎಳೆದುಕೊಂಡು ಮಂಡಿ ನೇರ ಮಾಡಿ, ಬಿಡುತ್ತದೆ.

ಮಧ್ಯದಲ್ಲಿ ಸೀಳಿರುವ ಫಿನ್ಸ್ ನೋಡಿರಬಹುದು, ಸ್ಪ್ಲಿಟ್ ಫಿನ್ಸ್. ಮಂಡಿನೋವು ಇದ್ದವರು ಅದನ್ನು ಹಾಕಿ ನೋಡಲೇಬೇಕು, ಒದೆಯುವುದು ಹಗುರ. ಆದರೆ ಕಪ್ಪೆಯ ಹಾಗೆ ಒದೆಯುವ ಫ್ರಾಗ್ ಕಿಕ್ಕಿಗೆ, ನಿಂತಲ್ಲೇ ತಿರುಗುವುದಕ್ಕೆ, ಹಿಂದಕ್ಕೆ ಸರಿಯುವುದಕ್ಕೆ ಅದು ಸರಿಬರುವುದಿಲ್ಲ. ಫ್ರಾಗ್ ಕಿಕ್ ಬೇಕಾ ಅಂದರೆ ಇವತ್ತಲ್ಲದಿದ್ದರೂ ನಾಳೆ ಬೇಕು. ತಳದ ಹತ್ತಿರ ಹೋಗುವಾಗ ಮೇಲೆಕೆಳಗೆ ಒದ್ದರೆ ಮರಳೆದ್ದು ಹಿಂದೆ ಬರುವವರಿಗೆ ಏನೂ ಕಾಣುವುದಿಲ್ಲ, ಹವಳಕ್ಕೂ ಪೆಟ್ಟು. ಸಿಲಿಂಡರ್ ಇಲ್ಲದೆ ಉಸಿರು ಹಿಡಿದು ಇಳಿಯುವ ಫ್ರೀಡೈವಿಂಗಿನ ಉದ್ದ ಫಿನ್ಸ್ ಚೆಂದ, ಆದರೆ ಸ್ಕೂಬಾದವರು ಅದನ್ನು ಹಾಕಿ ತಿರುಗಿದರೆ ಹಿಂದೆ ಏನು ಮುರಿಯಿತು ಅಂತಲೂ ಗೊತ್ತಾಗುವುದಿಲ್ಲ. ಸ್ನಾರ್ಕೆಲಿನ ಗಿಡ್ಡ ಫಿನ್ಸ್ ಬೆನ್ನ ಮೇಲಿನ ಸಿಲಿಂಡರ್ ಸಮೇತ ನಿಮ್ಮನ್ನು ಪ್ರವಾಹದ ಎದುರು ಎಳೆಯಲಾರದು.

ಈಗ ದೊಡ್ಡ ಪ್ರಶ್ನೆ. ಬರಿಗಾಲಿಗೆ ಹಾಕುವ ಫುಲ್ ಫೂಟೋ, ಹಿಂದೆ ಪಟ್ಟಿ ಇದ್ದು ಬೂಟಿ, ಅಂದರೆ ನೀರಿಗಿಳಿಯುವ ಮೆತ್ತನೆಯ ಬೂಟು, ಹಾಕಿಕೊಂಡು ತೊಡುವ ಓಪನ್ ಹೀಲೋ? ಇದಕ್ಕೆ ಉತ್ತರ ನಿಮ್ಮ ಕಾಲಲ್ಲಿಲ್ಲ, ನೀವು ಇಳಿಯುವ ನೀರಿನಲ್ಲಿದೆ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ದೋಣಿಯಲ್ಲೇ ಹೋಗಬೇಕು, ದೋಣಿಯಿಂದಲೇ ನೀರಿಗೆ ಬೀಳಬೇಕು, ನೀರು ಬೆಚ್ಚಗಿರುತ್ತದೆ. ಅಲ್ಲಿಗೆ ಫುಲ್ ಫೂಟ್ ಸಾಕೋ ಸಾಕು. ಹಗುರ, ಅಗ್ಗ, ಮುರಿಯುವ ಬಕಲ್ ಇಲ್ಲ. ಅಂಡಮಾನಿಗೆ ಹೋದರೂ ದೋಣಿ ಡೈವೇ ಜಾಸ್ತಿ. ಆದರೆ ಹ್ಯಾವ್‌ಲಾಕಿನ ನೀಮೋ ರೀಫಿನಂಥ ಕಡೆ ದಡದಿಂದ ನಡೆದುಕೊಂಡೇ ಇಳಿಯುತ್ತಾರೆ. ಇಳಿತದ ಹೊತ್ತಿನಲ್ಲಿ ಹವಳದ ಚೂರು, ಕಲ್ಲು ಕಾಲಿಗೆ ಸಿಗುತ್ತವೆ. ಸಿಲಿಂಡರ್ ಹೊತ್ತು ಬರಿಗಾಲಲ್ಲಿ ನಡೆದು ನೋಡಿ, ಬೂಟಿ ಏಕೆ ಬೇಕು ಅಂತ ಅಲ್ಲೇ ಗೊತ್ತಾಗುತ್ತದೆ.

ಇಂಗ್ಲೆಂಡಿನಿಂದ ರಜೆಗೆ ಬಂದವರು ಇಬ್ಬರು ಮೂವರು ಇಲ್ಲಿದ್ದೀರಿ. ನಿಮಗೆ ಲೆಕ್ಕವೇ ಬೇರೆ. ಲೆಸ್ಟರ್‌ಶೈರಿನ ಸ್ಟೋನಿ ಕೋವ್ ಇದೆಯಲ್ಲ, ನೀರು ತುಂಬಿದ ಹಳೆಯ ಕಲ್ಲುಕ್ವಾರಿ, ಅಂಥ ತಣ್ಣೀರಿನಲ್ಲಿ ಡ್ರೈಸೂಟ್, ಅಂದರೆ ಒಳಗೆ ನೀರು ಬಿಡದ ಉಡುಪು, ಹಾಕುತ್ತೀರಿ. ಅದರ ಬೂಟು ದಪ್ಪ, ಅದಕ್ಕೆ ದೊಡ್ಡ ಪಾದದ ಜಾಗ ಇರುವ ಓಪನ್ ಹೀಲೇ ಬೇಕು. ಡ್ರೈಸೂಟಿನೊಳಗಿನ ಗಾಳಿ ಕಾಲಿಗೆ ಹೋಗಿ ಪಾದ ಮೇಲೆ ತೇಲುತ್ತದೆ, ಆಗ ಭಾರದ ರಬ್ಬರ್ ಫಿನ್ಸ್ ಉಪಕಾರ ಮಾಡುತ್ತದೆ. 1960ರ ದಶಕದಿಂದಲೂ ಸ್ಕೂಬಾಪ್ರೋ ಕಂಪನಿಯ ಜೆಟ್ ಫಿನ್, ಅದೂ ಇಂಥದ್ದೇ ಭಾರದ್ದು, ಮಾರುಕಟ್ಟೆಯಲ್ಲಿ ಉಳಿದಿರುವುದು ಸುಮ್ನೆ ಅಲ್ಲ. ಅದನ್ನೇ ಯಾರೋ ಹೊಗಳಿದರು ಅಂತ ತಂದು ಇಲ್ಲಿ ಬರ್ಮುಡಾ, ಟೀಶರ್ಟಿನ ಮೇಲೆ ಹಾಕಿಕೊಂಡರೆ ಕಾಲು ಕೆಳಗೆಳೆಯುತ್ತದೆ, ನೀವು ನೀರಿನಲ್ಲಿ ನಿಂತುಕೊಂಡೇ ಈಜುತ್ತೀರಿ. ವಿಮಾನದಲ್ಲಿ ಎಷ್ಟು ತೂಕ ಅಂತಲೂ ನೋಡಿ. ಪೋರ್ಟ್ ಬ್ಲೇರಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಬ್ಯಾಗೇಜಿಗೆ ಕೊಡುವುದು 15 ಕೆ.ಜಿ. ಅದರಲ್ಲಿ ಫಿನ್ಸೇ ಮೂರ್ನಾಲ್ಕು ಕೆ.ಜಿ. ತಿಂದರೆ ಬಟ್ಟೆ ಎಲ್ಲಿಡುತ್ತೀರಿ?

ಅಳತೆ. ಫುಲ್ ಫೂಟ್ ಆದರೆ ಹಾಕಿಕೊಂಡು ಕಾಲೆತ್ತಿ ಅಲ್ಲಾಡಿಸಿ. ಹಿಮ್ಮಡಿ ಜಾರಬಾರದು, ಬೆರಳು ಮಡಿಚಿರಬಾರದು. ಒದ್ದೆಯಾದರೆ ಇನ್ನೂ ಜಾರುತ್ತದೆ ಅಂತ ನೆನಪಿಟ್ಟುಕೊಳ್ಳಿ. ಉಜ್ಜಿ ಗುಳ್ಳೆ ಬರುವವರು ತೆಳು ಲೈಕ್ರಾ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಲಿ. ಓಪನ್ ಹೀಲ್ ಆದರೆ ಬೂಟಿಯನ್ನು ಮೊದಲು ಕೊಂಡು, ಅದನ್ನು ಹಾಕಿಕೊಂಡು ಫಿನ್ಸ್ ನೋಡಿ. ಬೂಟಿ ಇಲ್ಲದೆ ಆನ್‌ಲೈನಿನಲ್ಲಿ ಆರ್ಡರ್ ಮಾಡಿದರೆ ವಾಪಸ್ ಕಳಿಸುವುದೇ ಕೆಲಸವಾಗುತ್ತದೆ. ಪ್ಲಾಸ್ಟಿಕ್ ಬಕಲಿನ ಬದಲು ಸ್ಪ್ರಿಂಗ್ ಪಟ್ಟಿ ಸಿಕ್ಕರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಹಾಕಿಸಿಕೊಳ್ಳಿ. ಅಲೆಗೆ ತೂಗುವ ದೋಣಿಯಲ್ಲಿ ಬಗ್ಗಿ ಬಕಲ್ ಬಿಗಿ ಮಾಡುವಷ್ಟರಲ್ಲಿ ಹೊಟ್ಟೆ ತೊಳೆಸುತ್ತದೆ. ಸ್ಪ್ರಿಂಗ್ ಆದರೆ ಒಮ್ಮೆ ಎಳೆದು ಬಿಟ್ಟರೆ ಮುಗಿಯಿತು.

ದೋಣಿ ಅಂದಾಗ ನೆನಪಾಯಿತು. ಫಿನ್ಸನ್ನು ಎಲ್ಲಕ್ಕಿಂತ ಕೊನೆಗೆ ಹಾಕಿಕೊಳ್ಳಿ, ಹಾಕಿದ ಮೇಲೆ ನಡೆಯಬೇಡಿ. ನಡೆಯಲೇಬೇಕಾದರೆ ಹಿಮ್ಮುಖವಾಗಿ. ಮಾಸ್ಕನ್ನು ಹಣೆಗೇರಿಸಿಕೊಂಡು ನೀರಲ್ಲಿ ತೇಲಬೇಡಿ. ಒಂದು ಅಲೆ ಬಂದರೆ ಅದು ತಳಕ್ಕೆ ಹೋಗುತ್ತದೆ, ಜೊತೆಗೆ ಹಣೆಯ ಮೇಲೆ ಮಾಸ್ಕ್ ಕಂಡರೆ ಆ ಡೈವರಿಗೆ ಏನೋ ತೊಂದರೆಯಾಗಿದೆ ಅಂತ ದೋಣಿಯವರು ಭಾವಿಸುವ ರೂಢಿ ಇದೆ. ಬೇಡದಾಗ ಕುತ್ತಿಗೆಗೆ ಇಳಿಸಿಕೊಳ್ಳಿ. ಏಣಿ ಹತ್ತುವ ಮುನ್ನ ಏಣಿ ಹಿಡಿದುಕೊಂಡೇ ಫಿನ್ಸ್ ತೆಗೆದು ಮೇಲೆ ಕೊಡಿ. ಮಾಸ್ಕ್ ಮಾತ್ರ ಮೇಲೆ ಹತ್ತಿ ಕೂರುವ ತನಕ ಮುಖದ ಮೇಲೇ ಇರಲಿ.

ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂದಿದೆ: ಸೆಕೆಂಡ್ ಹ್ಯಾಂಡ್ ಕೊಳ್ಳಬಹುದಾ? ಫಿನ್ಸ್ ಧಾರಾಳವಾಗಿ ಕೊಳ್ಳಬಹುದು. ಹಲಗೆ ಮತ್ತು ಪಾದ ಸೇರುವ ಜಾಗದಲ್ಲಿ ಬಗ್ಗಿಸಿ ನೋಡಿ, ಬಿರುಕಿದ್ದರೆ ಬಿಡಿ. ಪಟ್ಟಿ ಹಳೆಯದಾಗಿದ್ದರೆ ಬದಲಿಸಿಕೊಂಡರಾಯಿತು. ಮಾಸ್ಕ್ ಕೂಡ ಕೊಳ್ಳಬಹುದು, ಸ್ಕರ್ಟಿನ ಅಂಚಿನ ಮೇಲೆ ಸುತ್ತಲೂ ಬೆರಳಾಡಿಸಿ, ಹರಿದಿದೆಯಾ, ಗಟ್ಟಿಯಾಗಿದೆಯಾ ನೋಡಿ. ಫೋಟೋ ನೋಡಿ ದುಡ್ಡು ಕಳಿಸಬೇಡಿ, ಮುಖಕ್ಕೆ ಇಟ್ಟು ನೋಡಬೇಕು. ಹೊಸದು ಕೊಂಡವರು, ಫಿನ್ಸಿನ ಪಾದದೊಳಗೆ ಒಂದು ಪ್ಲಾಸ್ಟಿಕ್ ಅಚ್ಚು ಇಟ್ಟು ಕೊಟ್ಟಿರುತ್ತಾರೆ, ಅದನ್ನು ಬಿಸಾಡಬೇಡಿ. ಡೈವಿನಿಂದ ಬಂದು ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಅದನ್ನು ಮತ್ತೆ ಒಳಗಿಟ್ಟು ಮಲಗಿಸಿ ಇಡಿ. ತುದಿಯ ಮೇಲೆ ಗೋಡೆಗೆ ಒರಗಿಸಿ ನಿಲ್ಲಿಸಿದರೆ, ಮಳೆಗಾಲ ಕಳೆದು ಸೀಸನ್ ಶುರುವಾಗುವ ಹೊತ್ತಿಗೆ ಹಲಗೆ ಸೊಟ್ಟಗಾಗಿರುತ್ತದೆ.